ಇಲಿ ತಿಂದ ವೈರಿಂಗೂ ನಮ್ಮನೆಯ ಹಿಂದಿಯೂ

ನಮ್ಮನೆಯಲ್ಲಿ ಒಂದೇ ಒಂದು ಕೆಲಸ ಸೀದಾ ಹೋಗಿ ಸೀದಾ ಮುಗಿದದ್ದನ್ನು ನಾನು ಕಂಡವಳಲ್ಲ. ಹಾಲು ತರೋಕೆ ಹೋದವರು ಮೊಸರು ತಂದು, ಮೊಸರೇ ಯಾಕೆ ಸರಿ ಅಂತ ಅರ್ಧ ಗಂಟೆ ವಿವರಿಸುವ ಮನೆ ಇದು. ಅಂಥವರು ಐವತ್ತು ದಾಟಿದ ಕಾರಿಗೆ ಹೊಸ ವೈರಿಂಗ್ ಹುಡುಕೋಕೆ ಹೊರಟರೆ ಏನಾದೀತು, ನೀವೇ ಹೇಳಿ.

ಮನೆ ಅಂದರೆ ಮೂರು ಜನ. ನಾನು, ಕೇಂದ್ರ ಸರ್ಕಾರದ ಒಂದು ಮಂತ್ರಾಲಯದಲ್ಲಿ ಸ್ಟೆನೋ ಆಗಿ ಬೆರಳು ಸವೆಸಿ ರಿಟೈರ್ ಆದವಳು. ನಮ್ಮವರು, ಇನ್ನೊಂದು ಮಂತ್ರಾಲಯದಲ್ಲಿ ಸೆಕ್ಷನ್ ಆಫೀಸರ್ ಆಗಿದ್ದು ರಿಟೈರ್ ಆದರೂ ಆ ಸುದ್ದಿಯನ್ನು ಇನ್ನೂ ಒಪ್ಪಿಕೊಳ್ಳದವರು. ಮಗಳು, ದೆಹಲಿಯಲ್ಲೇ ಹುಟ್ಟಿ ಬೆಳೆದವಳು. ಕನ್ನಡದಲ್ಲಿ ಬೈದರೆ ಪೂರ್ತಿ ಅರ್ಥವಾಗುತ್ತೆ, ತಿರುಗಿ ಬೈಯೋದು ಮಾತ್ರ ಹಿಂದಿಯಲ್ಲಿ.

ಮಯೂರ್ ವಿಹಾರದ ನಮ್ಮ ಸೊಸೈಟಿಯ ಪಾರ್ಕಿಂಗ್ ಮೂಲೆಯಲ್ಲಿ, ಗೋಡೆಗೆ ಮೂತಿಯಿಟ್ಟು, ಟಾರ್ಪಾಲು ಹೊದ್ದು ನಿಂತಿದ್ದು ನಮ್ಮಪ್ಪನ ಬಿಳಿ ಅಂಬಾಸಿಡರ್. ಅಪ್ಪ ಚಿತ್ರದುರ್ಗದಿಂದ ಗುಮಾಸ್ತರಾಗಿ ದೆಹಲಿಗೆ ಬಂದವರು. ನನಗೆ ಡ್ರೈವಿಂಗ್ ಕಲಿಸಿದ್ದು ಆ ಕಾರಿನಲ್ಲೇ. ಗೇರ್ ಹಾಕುವಾಗ ಕರಕರ ಅಂದರೆ, "ಮೆಲ್ಲಗೆ ಕಣಮ್ಮ, ಅವಳಿಗೆ ನೋವಾಗುತ್ತೆ" ಅನ್ನೋರು. ಅಪ್ಪ ಹೋದ ಮೇಲೆ ಎಂಟು ವರ್ಷ ಅದನ್ನು ಯಾರೂ ಹೊರಗೆ ತೆಗೆಯಲಿಲ್ಲ. ಇಲಿಗಳು ಬಾನೆಟ್ಟಿನೊಳಗೆ ಸಂಸಾರ ಹೂಡಿ ವೈರುಗಳನ್ನೆಲ್ಲ ತಿಂದು ಮುಗಿಸಿದವು.

ದೆಹಲಿಯಲ್ಲಿ ಹಳೇ ಕಾರು ರಸ್ತೆಗಿಳಿಯುವ ಹಾಗಿಲ್ಲ. ಆದರೆ ಐವತ್ತು ವರ್ಷ ದಾಟಿದ್ದು, ಹುಟ್ಟಿದಾಗ ಹೇಗಿತ್ತೋ ಹಾಗೇ ಇದೆ ಅಂತ ತಪಾಸಣೆಯಲ್ಲಿ ಪಾಸಾದರೆ ವಿಂಟೇಜ್ ಅಂತ ಒಂದು ಕಾಗದ ಕೊಡುತ್ತಾರೆ. ನಮ್ಮ ಸೊಸೈಟಿ ಸೆಕ್ರೆಟರಿ ಒಂದು ದಿನ ಮೆಟ್ಟಿಲ ಹತ್ತಿರ ನಿಲ್ಲಿಸಿ ಹೇಳಿಯೇಬಿಟ್ಟರು: "ಭಾಭೀಜಿ, ದೀಪಾವಳಿಯೊಳಗೆ ಆ ಕಾಗದ ತೋರಿಸಿ. ಇಲ್ಲಾಂದ್ರೆ ನಾನೇ ಗುಜರಿಯವನನ್ನ ಕರೆಸ್ತೀನಿ." ಎಂಜಿನ್ ಗಟ್ಟಿಯಿತ್ತು, ಮೈ ತುಕ್ಕು ಹಿಡಿದಿರಲಿಲ್ಲ. ಬೇಕಾಗಿದ್ದು ವೈರಿಂಗ್ ಒಂದೇ. ಅಪ್ಪನ ಕಾರನ್ನು ಕ್ರೇನಿನವನು ಎತ್ತಿಕೊಂಡು ಹೋಗೋದನ್ನ ಬಾಲ್ಕನಿಯಲ್ಲಿ ನಿಂತು ನೋಡುವ ಶಕ್ತಿ ನನಗಿರಲಿಲ್ಲ. ಅದಕ್ಕೇ ಹೊರಟೆವು.

ಎಷ್ಟು ಒರಿಜಿನಲ್ ಬೇಕು

ಮೊದಲು ಹೋಗಿದ್ದು ಕಾಶ್ಮೀರಿ ಗೇಟಿನ ಮೋಟಾರು ಸಾಮಾನಿನ ಬಜಾರಿಗೆ. ನಮ್ಮವರು ಹಿಂದಿನ ರಾತ್ರಿಯೆಲ್ಲ ಇಂಟರ್ನೆಟ್ ಓದಿ ಒಂದು ಪದ ಕಲಿತಿದ್ದರು, ಹಾರ್ನೆಸ್. ಕಾರಿನ ಮೈಯೊಳಗೆ ಓಡಾಡುವ ವೈರುಗಳನ್ನೆಲ್ಲ ಸೇರಿಸಿ ಕಟ್ಟಿದ ಕಂತೆಗೆ ಆ ಹೆಸರಂತೆ. ಕಲಿತ ಪದವನ್ನು ಬಳಸದೆ ಬಿಡುವ ಜಾಯಮಾನ ಅವರದಲ್ಲ.

"ಭಯ್ಯಾ, ಅಂಬಾಸಿಡರ್ ಕಾ ಹಾರ್ನೆಸ್ ಹೈ?"

ಅಂಗಡಿಯವನು ಬಗ್ಗಿ, ಒಂದು ಹಾರ್ನ್ ತೆಗೆದು ಕೌಂಟರ್ ಮೇಲಿಟ್ಟ.

"ಹಾರ್ನ್ ಅಲ್ಲ ಭಯ್ಯಾ, ಹಾರ್ನೆಸ್."

"ಅಚ್ಛಾ, ಒಂದಲ್ಲ, ಜೋಡಿ ಬೇಕು" ಅಂತ ಅವನು ಇನ್ನೊಂದು ಹಾರ್ನ್ ಇಟ್ಟ.

ನಮ್ಮವರು ದನಿ ಏರಿಸಿದರು. "ಹಾರ್‌ನೆಸ್. ನೆಸ್, ನೆಸ್."

ಅವನು ಹೋಗಿ ಲಾರಿಗೆ ಹಾಕುವ ಹಾರ್ನ್ ತಂದ. ಇವರು ಜೋರಾಗಿ ಹೇಳಿದಷ್ಟೂ ಅವನು ಜೋರಾದ ಹಾರ್ನ್ ತಂದಿಡುತ್ತಿದ್ದ. ಐದನೆಯದು ಬರುವ ಹೊತ್ತಿಗೆ ನಾನು ಮುಂದೆ ಹೋಗಿ, "ವೈರಿಂಗ್ ಬೇಕು ಭಯ್ಯಾ, ಪೂರಾ ಸೆಟ್" ಅಂದೆ.

"ಹಾಗೆ ಹೇಳಿ ಬೆಹನ್‌ಜಿ, ಸಾಬ್ ಯಾಕೆ ಆಗಿಂದ ಇಂಗ್ಲಿಷಿನಲ್ಲಿ ಹಾರ್ನ್ ಬಾರಿಸ್ತಿದ್ದಾರೆ" ಅಂತ ಅವನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಟ್ಟ ಒಂದು ದಪ್ಪ ಕಂತೆ ತೆಗೆದ. ಹೊಸ ವೈರು, ಮೇಲೆ ಕರೀ ಟೇಪು, ಫಳಫಳ ಹೊಳೆಯುತ್ತಿತ್ತು. ನನಗೆ ಯಾಕೋ ಅನುಮಾನ. ಅಪ್ಪನ ಕಾರಿನ ವೈರುಗಳ ಮೇಲೆ ಹತ್ತಿ ದಾರದ ಹೆಣಿಗೆ ಇತ್ತು, ನನಗೆ ಚೆನ್ನಾಗಿ ನೆನಪಿದೆ.

"ಇದು ಯಾವ ವರ್ಷದ ಮಾಡೆಲ್‌ಗೆ ಆಗೋದು?" ಅಂತ ಕೇಳಿದೆ.

"ನಿಮ್ಮದು ಯಾವ ವರ್ಷದ್ದು?"

ಬೇಕೂಂತಲೇ ಒಂದು ತಪ್ಪು ವರ್ಷ ಹೇಳಿದೆ. "ಅದಕ್ಕೇ ಅಂತಲೇ ಮಾಡಿರೋದು" ಅಂದ. ತಕ್ಷಣ ನಮ್ಮವರು, ನನ್ನ ಉಪಾಯ ಗೊತ್ತಾಗದೆ, "ಅಲ್ಲ ಅಲ್ಲ, ನಮ್ಮದು ಅದಕ್ಕಿಂತ ಹಳೇದು" ಅಂತ ಸರಿಯಾದ ವರ್ಷ ಹೇಳಿದರು. "ಅದಕ್ಕೆ ಇನ್ನೂ ಚೆನ್ನಾಗಿ ಕೂರುತ್ತೆ" ಅಂದ.

"ನಮಗೆ ಒರಿಜಿನಲ್ ಬೇಕು ಭಯ್ಯಾ" ಅಂತ ನಾನು ಖಡಾಖಂಡಿತವಾಗಿ ಹೇಳಿದೆ. ಅವನು ಕೌಂಟರ್ ಮೇಲೆ ಮೊಣಕೈ ಊರಿ, ನನ್ನ ಮೇಲೆ ಕರುಣೆ ಬಂದವನ ಥರ, ಮೆಲ್ಲಗೆ ತಿಳಿಸಿ ಹೇಳಿದ: "ಬೆಹನ್‌ಜಿ, ಎಷ್ಟು ಒರಿಜಿನಲ್ ಬೇಕು ಅಂತ ಹೇಳಿ. ನಮ್ಮಲ್ಲಿ ಮೂರು ಥರ ಇದೆ. ಒರಿಜಿನಲ್, ಒರಿಜಿನಲ್ ಥರದ್ದು, ಮತ್ತೆ ನಿಮಗೋಸ್ಕರ ಒರಿಜಿನಲ್."

ಗಾಡಿಗೋ ಘೋಡಿಗೋ

ಬಜಾರಿನಲ್ಲಿ ಸೋತು ಬಂದ ಮೇಲೆ ಮಗಳು ಫೋನಿನಲ್ಲಿ ಹುಡುಕಿ, "ಪಪ್ಪಾ, ಮಿಲ್ ಗಯಾ" ಅಂತ ಒಂದು ನಂಬರ್ ಕೊಟ್ಟಳು. ಹಾರ್ನೆಸ್ ತಯಾರಕರು, ಅಳತೆ ಕೊಟ್ಟರೆ ಕೈಯಲ್ಲೇ ಮಾಡಿಕೊಡುತ್ತೇವೆ ಅಂತ ಇತ್ತಂತೆ. ಆ ಪುಣ್ಯಾತ್ಮ ಮಾಡುತ್ತಿದ್ದದ್ದು ಮದುವೆ ಮೆರವಣಿಗೆಯ ಕುದುರೆಗಳಿಗೆ ಹಾಕುವ ಲಗಾಮು, ಜೀನು. ಅದಕ್ಕೂ ಇಂಗ್ಲಿಷಿನಲ್ಲಿ ಹಾರ್ನೆಸ್ ಅಂತಲೇ ಅನ್ನುತ್ತಾರೆ ಅಂತ ನಮಗೆ ಗೊತ್ತಾಗಿದ್ದು ಆಮೇಲೆ. ನಮ್ಮವರು ಗಾಡಿ ಅಂದದ್ದು ಅವನ ಕಿವಿಗೆ ಘೋಡಿ ಅಂತ, ಅಂದರೆ ಹೆಣ್ಣು ಕುದುರೆ ಅಂತ, ಬಿದ್ದಿತ್ತು. ಸ್ಪೀಕರ್ ಹಾಕಿದ್ದರಿಂದ ನಾನೂ ಮಗಳೂ ಕೇಳಿಸಿಕೊಳ್ಳುತ್ತಿದ್ದೆವು.

"ವಯಸ್ಸೆಷ್ಟು ಸಾಬ್?"

"ಐವತ್ತು ದಾಟಿದೆ."

"ಐವತ್ತು ತಿಂಗಳಾ?"

"ವರ್ಷ ಕಣಪ್ಪ, ವರ್ಷ."

"ಇನ್ನೂ ನಿಂತಿದೆಯಾ?"

"ನಿಂತೇ ಇದೆ. ಎಂಟು ವರ್ಷದಿಂದ ಒಂದೇ ಜಾಗದಲ್ಲಿ ನಿಂತಿದೆ. ಗೋಡೆ ಕಡೆ ಮುಖ ಮಾಡಿಕೊಂಡು."

"ಬಣ್ಣ?"

"ಬಿಳಿ."

"ಬಿಳಿಗೆ ಸೀಸನ್ನಿನಲ್ಲಿ ಬಹಳ ಡಿಮ್ಯಾಂಡು" ಅಂತ ಅವನಿಗೆ ಸ್ವಲ್ಪ ಹುರುಪು ಬಂತು. "ತಿನ್ನೋಕೆ ಏನು ಕೊಡ್ತೀರಿ?"

"ಮೊದಲು ಪೆಟ್ರೋಲ್ ಕುಡೀತಿತ್ತು. ಈಗ ಎಂಟು ವರ್ಷದಿಂದ ಏನೂ ಕೊಟ್ಟಿಲ್ಲ."

ಮಗಳು ಬಾಯಿಗೆ ದಿಂಬು ಒತ್ತಿಕೊಂಡಳು. ನಮ್ಮವರು ಮಾತ್ರ ಗಂಭೀರವಾಗಿ, ಸಮಸ್ಯೆಯನ್ನು ವಿವರವಾಗಿ ಮಂಡಿಸಿದರು: ಹೊಟ್ಟೆಯೊಳಗೆ ಇಲಿ ಸೇರಿಕೊಂಡಿವೆ, ಒಳಗಿನ ತಂತುಗಳನ್ನೆಲ್ಲ ಕಡಿದು ಹಾಕಿವೆ, ಕಣ್ಣು ಎರಡೂ ಹೋಗಿವೆ, ಆದರೆ ಬೆನ್ನ ಮೇಲೆ ಐದು ಜನ ಕೂತರೂ ತಡೆಯುತ್ತೆ.

"ಸಾಬ್" ಅಂದ ಅವನು, "ನಿಮಗೆ ಬೇಕಾಗಿರೋದು ಹಾರ್ನೆಸ್ ಅಲ್ಲ, ಮನುಷ್ಯತ್ವ." ಫೋನ್ ಇಟ್ಟುಬಿಟ್ಟ. ಮಾರನೇ ದಿನ ಪ್ರಾಣಿ ದಯೆಯವರು ಯಾರೋ ಫೋನ್ ಮಾಡಿದರು. ಪೆಟ್ರೋಲ್ ವಿಚಾರವನ್ನು ಅವರಿಗೆ ಮನವರಿಕೆ ಮಾಡಿಕೊಡೋಕೆ ನಮ್ಮವರಿಗೆ ಮುಕ್ಕಾಲು ಗಂಟೆ ಹಿಡಿಯಿತು.

ಪ್ಲೀಸ್ ಸ್ಪೀಕ್

ಇಷ್ಟಾದ ಮೇಲೆ ನಮ್ಮವರು ಫೈಲ್ ತೆರೆದರು. ನಿಜವಾದ ಫೈಲು, ಕೆಂಪು ದಾರದ್ದು. ವಿಷಯ: ವೈರಿಂಗ್ ಹಾರ್ನೆಸ್ ಬದಲಾವಣೆ ಕುರಿತು. ಒಳಗೆ ಒಂದು ಹೋಲಿಕೆ ಪಟ್ಟಿ. ಆಯ್ಕೆ ಒಂದು, ಬಜಾರಿನ ಪ್ಲಾಸ್ಟಿಕ್ ಸೆಟ್, ನಾಳೆಯೇ ಸಿಗುತ್ತೆ. ಆಯ್ಕೆ ಎರಡು, ಗುಜರಿ ಕಾರಿನಿಂದ ಬಿಚ್ಚಿ ತಂದದ್ದು, ಅದನ್ನೂ ಇಲಿ ತಿಂದಿರಬಹುದು. ಆಯ್ಕೆ ಮೂರು, ಘಾಜಿಯಾಬಾದಿನ ಒಬ್ಬ ಮುದುಕರು ಹಳೇ ಕಾಲದ ಹಾಗೆ ಹತ್ತಿ ದಾರ ಹೆಣೆದು ಕೈಯಲ್ಲೇ ಮಾಡಿಕೊಡೋದು, ತಡವಾಗುತ್ತೆ.

ಇವರಿಗೆ ಒಂದನೇದೇ ಆಗಬೇಕು. "ದೀಪಾವಳಿ ಹತ್ತಿರ ಬಂತು, ಟೈಮಿಲ್ಲ" ಅಂದರು. ನನಗೆ ಮೂರನೇದೇ ಆಗಬೇಕು. "ಪ್ಲಾಸ್ಟಿಕ್ ಹಾಕಿಸಿ ತಪಾಸಣೆಯಲ್ಲಿ ಫೇಲಾದರೆ ಕಾರೇ ಇರಲ್ಲ, ಟೈಮ್ ಇಟ್ಕೊಂಡು ಏನು ಮಾಡ್ತೀರಿ" ಅಂದೆ. ಮಾತಿಗೆ ಮಾತು ಬೆಳೆಯಿತು. ನಿಮ್ಮಪ್ಪನೂ ಹೀಗೇ ಹಟಮಾರಿ ಅಂದರು. ನಾನು ಅವರಮ್ಮನ ವಿಷಯ ತೆಗೆದೆ. ಆಮೇಲೆ ಎರಡು ದಿನ ಮನೆಯಲ್ಲಿ ಮಾತಿಲ್ಲ ಕತೆಯಿಲ್ಲ.

ಮೂರನೇ ದಿನ ಬೆಳಗ್ಗೆ ಮಗಳು ಫೈಲ್ ತಂದು ನನ್ನ ಮುಂದಿಟ್ಟಳು. "ಪಪ್ಪಾ ನೇ ಭೇಜಾ ಹೈ." ಕೊನೆಯ ಸಾಲು ಹೀಗಿತ್ತು: ಮೇಲ್ಕಂಡ ಅಂಶಗಳನ್ನು ಪರಿಶೀಲಿಸಿ, ಆಯ್ಕೆ ಒಂದನ್ನು ಅನುಮೋದಿಸಲು ಕೋರಿ ಸಲ್ಲಿಸಿದೆ.

ಮೂವತ್ತು ವರ್ಷ ಸಾಹೇಬರುಗಳ ನೋಟ್ ಟೈಪ್ ಮಾಡಿದವಳು ನಾನು. ಫೈಲಿನ ಮೇಲೆ ನನ್ನ ಕೈಯಲ್ಲಿ ಬರೆಯುವ ಅಧಿಕಾರ ಸಿಕ್ಕಿದ್ದು ಅದೇ ಮೊದಲು. ಮನಸ್ಸಿಗೆ ಎಷ್ಟು ಹಿತವಾಯಿತು ಅಂತ ಹೇಳಲಾರೆ. ಒಳ್ಳೆ ಪೆನ್ ಹುಡುಕಿ, ಮಾರ್ಜಿನ್ನಿನಲ್ಲಿ ಎರಡೇ ಪದ ಬರೆದೆ: ಪ್ಲೀಸ್ ಸ್ಪೀಕ್. ದೆಹಲಿ ಆಫೀಸುಗಳಲ್ಲಿ ದೊಡ್ಡವರು ಹಾಗೆ ಬರೆದರೆ ಚಿಕ್ಕವರು ಇದ್ದ ಕೆಲಸ ಬಿಟ್ಟು ಖುದ್ದು ಬಂದು ಎದುರಿಗೆ ನಿಂತು ಮಾತಾಡಲೇಬೇಕು. ಜಗಳವಾಡಿ ಮಾತು ಬಿಟ್ಟ ಗಂಡಂದಿರಿಗೆ ಅದರಿಂದ ವಿನಾಯಿತಿ ಇಲ್ಲ.

ಐದು ನಿಮಿಷಕ್ಕೆ ಅಡುಗೆಮನೆ ಬಾಗಿಲಲ್ಲಿ ನೆರಳು ಬಿತ್ತು. ಫೈಲನ್ನು ಎದೆಗವಚಿಕೊಂಡು, ಕತ್ತು ಸ್ವಲ್ಪ ಬಗ್ಗಿಸಿ, "ಮೇಡಂ, ಕರೆದಿದ್ರಂತೆ" ಅಂದರು. ಪಾಪ ಅನ್ನಿಸಿತು. "ಮೊದಲು ಕಾಫಿ ಕುಡೀರಿ" ಅಂದೆ. ಕುಡಿದರು, ಮಾತಾಡಿದೆವು, ನಕ್ಕೆವು. ಸಂಜೆ ಫೈಲ್ ಮತ್ತೆ ಬಂತು. ಚರ್ಚಿಸಲಾಯಿತು, ಮೇಡಂ ಅವರ ಅಭಿಪ್ರಾಯವೇ ಸರಿಯೆಂದು ಕಂಡುಬಂದಿದೆ ಅಂತ ಬರೆದು ಸಹಿ ಹಾಕಿದ್ದರು. ಆ ಪುಟವನ್ನು ಲ್ಯಾಮಿನೇಟ್ ಮಾಡಿಸಿ ಇಟ್ಟುಕೊಂಡಿದ್ದೇನೆ. ಇಷ್ಟು ವರ್ಷದ ಸಂಸಾರದಲ್ಲಿ ಈ ವಿಷಯದ ಬಗ್ಗೆ ನನ್ನ ಹತ್ತಿರ ಲಿಖಿತವಾಗಿರೋದು ಅದೊಂದೇ.

ನಾಡಿನ ಕೆಲಸ

ಘಾಜಿಯಾಬಾದಿನ ಆ ಮುದುಕರನ್ನು ಎಲ್ಲರೂ ಉಸ್ತಾದ್ ಅನ್ನುತ್ತಿದ್ದರು. ಸಣ್ಣ ಕಾರ್ಖಾನೆ. ಗೋಡೆಗೆ ಒರಗಿಸಿದ ದೊಡ್ಡ ಹಲಗೆ, ಅದರ ತುಂಬ ಮೊಳೆ. ಒಂದೊಂದು ಮಾಡೆಲ್ಲಿಗೂ ವೈರು ಎಲ್ಲಿ ತಿರುಗಬೇಕು, ಎಲ್ಲಿ ಕವಲೊಡೆಯಬೇಕು ಅಂತ ಆ ಮೊಳೆಗಳೇ ಹೇಳುತ್ತವೆ. ಮೂಲೆಯಲ್ಲಿ ಒಂದು ಪುರಾತನ ಯಂತ್ರ ಟಕಟಕ ಅಂತ ದಾರ ಹೆಣೆಯುತ್ತಿತ್ತು.

ನಮ್ಮವರ ಹಿಂದಿಯ ಬಗ್ಗೆ ಇಲ್ಲಿ ಒಂದು ಮಾತು. ಅವರಿಗೆ ಆಫೀಸಿನ ಹಿಂದಿ ಬರುತ್ತೆ. ಅಧಿಸೂಚನೆ, ಪ್ರತಿನಿಯುಕ್ತಿ, ಎಲ್ಲ ನೀರು ಕುಡಿದ ಹಾಗೆ. ಮನೆಬಳಕೆಯ ಹಿಂದಿ ಮಾತ್ರ ಅಷ್ಟಕ್ಕಷ್ಟೇ. ಜೊತೆಗೆ ಅವರು ನಮ್ಮ ಕನ್ನಡ ಸಂಘದ ಕಟ್ಟಾಳು.

ಉಸ್ತಾದರು ಚಹಾ ತರಿಸಿಕೊಟ್ಟು, ತಮ್ಮ ಮನೆತನದ ಬಗ್ಗೆ ಹೆಮ್ಮೆಯಿಂದ ಹೇಳಿದರು: "ನಮ್ಮ ತಾತ, ನಮ್ಮಪ್ಪ, ನಾನು, ಮೂರು ತಲೆಮಾರಿನಿಂದ ನಾಡೇ ಕಾ ಕಾಮ್ ಕರ್ತೇ ಆಯೇ ಹೈಂ."

ನಮ್ಮವರು ಚಹಾ ಕೆಳಗಿಟ್ಟರು. "ಕೇಳಿದೆಯೇನೇ? ಮೂರು ತಲೆಮಾರಿನಿಂದ ನಾಡಿನ ಕೆಲಸ" ಅಂತ ನನ್ನ ಕಡೆ ತಿರುಗಿದರು. ಕಣ್ಣಲ್ಲಿ ನೀರು. ಆಮೇಲೆ ಉಸ್ತಾದರ ಕೈ ಹಿಡಿದುಕೊಂಡು ಹಿಂದಿಯಲ್ಲಿ ಶುರು ಹಚ್ಚಿಕೊಂಡರು. ನಮ್ಮ ಕಡೆಯೂ ನಾಡಿಗಾಗಿ ಪ್ರಾಣ ಕೊಡುವವರಿದ್ದಾರೆ. ಪ್ರತಿ ನವೆಂಬರ್ ಒಂದನೇ ತಾರೀಕು ನಾಡಿನ ಹಬ್ಬ ಮಾಡ್ತೀವಿ. ಹಳದಿ ಕೆಂಪು ಬಾವುಟ ಹಿಡಿದು ಮೆರವಣಿಗೆ ಹೋಗ್ತೀವಿ.

"ನಾಡೇ ಕಾ ಜುಲೂಸ್?" ಅಂದರು ಉಸ್ತಾದರು, ಕನ್ನಡಕ ಏರಿಸಿಕೊಂಡು.

"ಹಾಂ ಜಿ. ಹೆಂಗಸರು, ಮಕ್ಕಳು, ಮಂತ್ರಿಗಳು, ಎಲ್ಲರೂ ಬರ್ತಾರೆ. ನಾಡಗೀತೆ ಹಾಡ್ತೀವಿ, ಎದ್ದು ನಿಂತು."

ಉಸ್ತಾದರು ನನ್ನ ಮುಖ ನೋಡಿದರು. ನಾನು ಇನ್ನು ತಡೆಯೋಕಾಗದೆ ಇವರ ತೋಳು ಜಗ್ಗಿ, "ರೀ, ಅವರು ಹೇಳ್ತಿರೋದು ಪೈಜಾಮದ ಲಾಡಿ. ಹಿಂದಿಯಲ್ಲಿ ಅದಕ್ಕೆ ನಾಡಾ ಅಂತಾರೆ. ಆ ಯಂತ್ರ ಲಾಡಿ ಹೆಣೆಯೋದು, ಅದರಲ್ಲೇ ವೈರಿಗೂ ದಾರ ಹೆಣೀತಾರೆ" ಅಂದೆ. ದೆಹಲಿಯಲ್ಲಿ ಮೂವತ್ತೈದು ವರ್ಷ ಇದ್ದು ಒಂದು ದಿನಕ್ಕೂ ಪಂಚೆ ಬಿಟ್ಟು ಪೈಜಾಮ ಹಾಕದ ಮನುಷ್ಯನಿಗೆ ಅದು ಹೇಗೆ ಗೊತ್ತಿರಬೇಕು.

ಉಸ್ತಾದರು ದೊಡ್ಡ ಮನಸ್ಸಿನವರು. ನಗಲಿಲ್ಲ. ಕೆಲಸ ಒಪ್ಪಿಕೊಂಡರು, ದೀಪಾವಳಿಗೆ ಮುಂಚೆ ಮುಗಿಸಿಕೊಡುತ್ತೇನೆ ಅಂತ ಮಾತು ಕೊಟ್ಟರು. ನಾವು ಹೊರಡುವಾಗ ಕಾಗದದಲ್ಲಿ ಸುತ್ತಿದ ಒಂದು ಕಟ್ಟನ್ನು ಇವರ ಕೈಗೆ ಕೊಟ್ಟು ತುಂಬ ಗೌರವದಿಂದ ಹೇಳಿದರು, "ನಿಮ್ಮ ಜುಲೂಸಿಗೆ ನನ್ನ ಕಡೆಯಿಂದ." ಬಿಚ್ಚಿ ನೋಡಿದರೆ ಎರಡು ಡಜನ್ ಲಾಡಿ, ಅರ್ಧ ಹಳದಿ, ಅರ್ಧ ಕೆಂಪು.

ಎಡ ಯಾವುದು, ಬಲ ಯಾವುದು

ಕೆಲಸ ಶುರುವಾದಾಗ ಉಸ್ತಾದರು ಒಂದು ಜವಾಬ್ದಾರಿ ನಮಗೆ ವಹಿಸಿದ್ದರು. ಕಾರಿನಲ್ಲಿ ಉಳಿದ ವೈರಿನ ತುಂಡುಗಳಿಗೆಲ್ಲ ಚೀಟಿ ಕಟ್ಟಿ, ಯಾವುದು ಎಲ್ಲಿಗೆ ಹೋಗುತ್ತೆ ಅಂತ ಬರೆದಿಡಬೇಕು. ಹಿಂದಿನ ದೀಪಗಳ ಚೀಟಿ ಮಗಳು ಹಿಂದಿಯಲ್ಲೇ ಬರೆದಳು, ಮುಂದಿನದು ನಾನು. ಉಸ್ತಾದರಿಗೆ ಓದೋಕೆ ಸುಲಭವಾಗಲಿ ಅಂತ ನಾನೂ ಹಿಂದಿ ಅಕ್ಷರದಲ್ಲೇ ಬರೆದೆ. ಚೀಟಿ ಚಿಕ್ಕದು, ಅದಕ್ಕೇ ಮೊದಲ ಅಕ್ಷರ ಮಾತ್ರ. ಎಡಗಡೆ ದೀಪಕ್ಕೆ ಎ, ಬಲಗಡೆ ದೀಪಕ್ಕೆ ಬ.

ಹೇಳಿದ ಮಾತಿನಂತೆ ಹಾರ್ನೆಸ್ ಬಂತು. ಹತ್ತಿ ದಾರದ ಹೆಣಿಗೆ, ಅಪ್ಪನ ಕಾಲದ್ದೇ ಅನ್ನಬೇಕು, ಹಾಗಿತ್ತು. ಉಸ್ತಾದರೇ ಬಂದು, ಕಾರಿನ ಮೂತಿಗೂ ಗೋಡೆಗೂ ನಡುವಿನ ಸಂದಿಯಲ್ಲಿ ತೂರಿಕೊಂಡು ಜೋಡಿಸಿದರು. ನಾನು ಬೀಗದ ಕೈ ತಿರುಗಿಸಿದೆ. ಎಂಟು ವರ್ಷದ ಮೇಲೆ ಅವಳು ಗುರ್ ಅಂದಳು. ನಾನು ಸ್ಟಿಯರಿಂಗ್ ಮೇಲೆ ತಲೆಯಿಟ್ಟು ಅತ್ತುಬಿಟ್ಟೆ, ಸುಳ್ಳು ಯಾಕೆ ಹೇಳಲಿ. ನಮ್ಮವರು ಹಿಂದೆ ನಿಂತು ಲಿಸ್ಟ್ ಹಿಡಿದು, ಎಡ ಸರಿ, ಬಲ ಸರಿ, ಬ್ರೇಕ್ ಸರಿ ಅಂತ ಗುರುತು ಹಾಕಿಕೊಂಡರು. ಮುಂದೆ ಗೋಡೆಯಿತ್ತು, ಅಲ್ಲಿ ನಿಂತು ನೋಡೋಕೆ ಜಾಗವೇ ಇರಲಿಲ್ಲ.

ತಪಾಸಣೆ ಇದ್ದದ್ದು ದೀಪಾವಳಿಗೆ ಮುಂಚಿನ ಶನಿವಾರ. ಅದು ತಪ್ಪಿದರೆ ಮುಂದಿನದು ಹಬ್ಬ ಕಳೆದ ಮೇಲೆ, ಅಷ್ಟರಲ್ಲಿ ಗುಜರಿಯವನು ಬಂದು ಹೋಗಿರುತ್ತಾನೆ. ಕಾಗದವಿಲ್ಲದೆ ರಸ್ತೆಗಿಳಿಯುವ ಹಾಗಿಲ್ಲವಾದ್ದರಿಂದ ಕಾರನ್ನು ಲಾರಿ ಮೇಲೆ ಹೇರಿಕೊಂಡು ಮೈದಾನಕ್ಕೆ ಹೋದೆವು. ಸಾಲಿನಲ್ಲಿ ನಮ್ಮ ಮುಂದೆ ಒಂದು ಹಸಿರು ಬಣ್ಣದ ಹಳೇ ಕಾರು. ಅದರ ಯಜಮಾನರು ರಿಟೈರ್ಡ್ ಕರ್ನಲ್, ಮೀಸೆ ತಿರುವಿ, ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಕಾರಿನಷ್ಟೇ ಪಾಲಿಶ್ ಆಗಿದ್ದರು.

ಮಗಳು ವಿಡಿಯೋ ತೆಗೆಯೋಕೆ ನಮ್ಮ ಕಾರಿನ ಮುಂದೆ ನಿಂತಳು. "ಅಮ್ಮಾ, ಲೆಫ್ಟ್ ಇಂಡಿಕೇಟರ್ ದೋ ನಾ." ಕೊಟ್ಟೆ. ಅವಳು ಫೋನ್ ಕೆಳಗಿಳಿಸಿ, "ಅಮ್ಮಾ, ರೈಟ್ ವಾಲಾ ಜಲ್ ರಹಾ ಹೈ" ಅಂದಳು. ನಂಬಿಕೆ ಬರಲಿಲ್ಲ. ಇಳಿದು ನೋಡಿದೆ. ಎಡಕ್ಕೆ ಕೊಟ್ಟರೆ ಹಿಂದೆ ಎಡಗಡೆಯೇ ಮಿನುಗುತ್ತೆ, ಮುಂದೆ ಮಾತ್ರ ಬಲಗಡೆ.

ನಮ್ಮವರು ಬಾನೆಟ್ ಎತ್ತಿದರು. ಬಲಗಡೆ ಹೋಗಬೇಕಾದ ವೈರಿನ ತುದಿಯಲ್ಲಿ, ಉಸ್ತಾದರು ಹಳೇ ತುಂಡಿನಿಂದ ಬಿಚ್ಚಿ ಕಟ್ಟಿದ್ದ ನನ್ನ ಚೀಟಿ ಇನ್ನೂ ನೇತಾಡುತ್ತಿತ್ತು, ವೈರು ಮಾತ್ರ ಎಡಗಡೆಗೆ ಹೋಗಿತ್ತು.

"ಇದೇನು ಬರೆದಿದ್ದೀಯ?"

"ಬ. ಬಲ."

"ಹಿಂದಿಯವರು ಇದನ್ನ ಏನಂತ ಓದ್ತಾರೆ?"

"ಬಾಯಾಂ."

"ಬಾಯಾಂ ಅಂದ್ರೆ?"

"ಎಡ" ಅಂದೆ. ಇಷ್ಟು ವರ್ಷ ದೆಹಲಿಯಲ್ಲಿದ್ದು, ನಮ್ಮ ಬಲಗಡೆಯೂ ಅವರ ಎಡಗಡೆಯೂ ಒಂದೇ ಅಕ್ಷರದಿಂದ ಶುರುವಾಗುತ್ತೆ ಅಂತ ನನಗೆ ಹೊಳೆದಿರಲಿಲ್ಲ. ಬ ಎಡಕ್ಕೆ ಹೋದ ಮೇಲೆ, ಅರ್ಥವಾಗದ ಎ ತಾನಾಗಿ ಬಲಕ್ಕೆ ಹೋಗಿತ್ತು. ನಾಡಾ ವಿಷಯಕ್ಕೆ ಗಂಡನನ್ನು ಎಷ್ಟು ಆಡಿಕೊಂಡಿದ್ದೆ. ಅವರು ನನ್ನನ್ನು ಆಡಿಕೊಳ್ಳದೆ ಚೀಟಿಯನ್ನು ಬಿಚ್ಚಿ ಜೇಬಿಗೆ ಹಾಕಿಕೊಂಡರು, ಅದೇ ನನಗೆ ಹೆಚ್ಚು ಉರಿಯಿತು. ಬಿಚ್ಚಿ ಜೋಡಿಸೋಕೆ ಸಲಕರಣೆಯಿಲ್ಲ, ಉಸ್ತಾದರು ಘಾಜಿಯಾಬಾದಿನಲ್ಲಿದ್ದಾರೆ, ತಪಾಸಣೆಯ ಸಾಹೇಬರು ಆಗಲೇ ಕರ್ನಲ್ ಕಾರಿನ ಹತ್ತಿರ ಬಂದಿದ್ದರು. ಅಪ್ಪನ ಕಾರು ಒಂದು ಅಕ್ಷರಕ್ಕೆ ಗುಜರಿಗೆ ಹೋಗುತ್ತಲ್ಲಪ್ಪ ಅಂತ ನನಗೆ ಅಳು ಬಂತು.

ಸಾಹೇಬರು ಕರ್ನಲ್ ಕಾರಿನ ಎದುರಿಗೆ, ಅದರ ಮೂತಿಗೆ ಮುಖ ಮಾಡಿ ನಿಂತರು. ಕೈಯಲ್ಲಿ ರಟ್ಟು, ರಟ್ಟಿಗೆ ಸಿಕ್ಕಿಸಿದ ಹಾಳೆ. "ಲೆಫ್ಟ್" ಅಂದರು. ಕರ್ನಲ್ ಎಡಕ್ಕೆ ಕೊಟ್ಟರು. ಎಡಗಡೆ ದೀಪ ಮಿನುಗಿತು, ಸರಿಯಾಗಿಯೇ. ಸಾಹೇಬರು ತಮ್ಮ ಎಡಗೈ ಎತ್ತಿ ನೋಡಿಕೊಂಡರು. ಎದುರು ನಿಂತವರ ಎಡಗೈ ಕಡೆಗೆ ಇದ್ದದ್ದು ಕಾರಿನ ಬಲಗಡೆ ದೀಪ. ಅದು ಸುಮ್ಮನಿತ್ತು.

"ಉಲ್ಟಾ ಹೈ" ಅಂದರು.

ಕರ್ನಲ್ ಇಳಿದು ಬಂದರು. "ಸಾಹೇಬ್, ಕಾರಿನ ಎಡ ಅಂದರೆ ಕೂತವನ ಎಡ."

"ತಪಾಸಣೆ ಮಾಡೋದು ನಾನು. ನಾನು ಕೂತಿಲ್ಲ, ನಿಂತಿದ್ದೀನಿ."

"ಮೂವತ್ತು ವರ್ಷ ಸೈನ್ಯದಲ್ಲಿ ಲೆಫ್ಟ್ ರೈಟ್ ಮಾಡಿಸಿದವನು ನಾನು. ನನಗೆ ಎಡಗೈ ಹೇಳಿಕೊಡ್ತೀರಾ?"

"ಎಡಗೈ ನನಗೂ ಒಂದಿದೆ ಕರ್ನಲ್ ಸಾಬ್, ಹುಟ್ಟಿದಾಗಿನಿಂದ ಇದೆ" ಅಂದರು ಸಾಹೇಬರು ಶಾಂತವಾಗಿ. ಹಿಂದೆ ಹೋಗಿ ನೋಡಿದರು. ಹಿಂದಿನಿಂದ ಎಲ್ಲ ಸರಿಯಾಗಿತ್ತು. "ನೋಡಿ, ಹಿಂದೆ ಸೀದಾ, ಮುಂದೆ ಉಲ್ಟಾ. ವೈರಿಂಗ್ ಸರಿ ಮಾಡಿಸಿಕೊಂಡು ಮುಂದಿನ ಸಲ ಬನ್ನಿ."

ನಾನು ನಮ್ಮವರ ಮುಖ ನೋಡಿದೆ, ಅವರು ನನ್ನ ಮುಖ ನೋಡಿದರು. ಮಗಳು ಮೆಲ್ಲಗೆ, "ಅಮ್ಮಾ, ಚುಪ್ ಚಾಪ್ ಬೈಠೋ" ಅಂದಳು. ಬಾಯಿ ಮುಚ್ಚಿಕೊಂಡು ಹೋಗಿ ಕೂತೆ.

"ಲೆಫ್ಟ್." ಕೊಟ್ಟೆ. ಸಾಹೇಬರು ಎಡಗೈ ಎತ್ತಿದರು. ಅವರ ಎಡಗೈ ಎದುರಿಗೇ ನಮ್ಮ ಕಾರಿನ ಬಲಗಡೆ ದೀಪ ಟಿಣಿಟಿಣಿ ಮಿನುಗಿತು. "ಶಾಬಾಶ್" ಅಂತ ಗುರುತು ಹಾಕಿದರು. ರೈಟ್, ಅದೂ ಸರಿ. ಹಿಂದೆ ಹೋದರು. ಮಗಳು ಚೀಟಿ ಬರೆದ ಹಿಂದಿನ ದೀಪಗಳು ಹೇಗಿರಬೇಕೋ ಹಾಗೇ ಇದ್ದವು, ಅಲ್ಲೂ ಸರಿ. ಬಾನೆಟ್ ತೆಗೆಸಿ ಹತ್ತಿ ದಾರದ ಹೆಣಿಗೆಯನ್ನು ಬೆರಳಲ್ಲಿ ಸವರಿ, "ಇಂಥ ಕೆಲಸ ನೋಡಿ ಎಷ್ಟು ವರ್ಷವಾಯ್ತು" ಅಂದರು. ಹಾಳೆಯ ಮೇಲೆ ದಪ್ಪನೆ ಮುದ್ರೆ ಬಿತ್ತು. ಅಪ್ಪನ ಕಾರು ಉಳಿಯಿತು.

ನಮ್ಮವರಿಗೆ ಪ್ರಾಮಾಣಿಕತೆ ಒಂದು ಕಾಯಿಲೆ. "ಸರ್, ದಾಖಲೆಗೆ ಅಂತ ಒಂದು ಮಾತು" ಅಂತ ಬಾಯಿ ತೆರೆದರು. ನಾನು ಹಾರ್ನ್ ಒತ್ತಿದವಳು, ಸಾಹೇಬರು ಕಿವಿ ಮುಚ್ಚಿಕೊಂಡು ಹತ್ತು ಹೆಜ್ಜೆ ದೂರ ಹೋಗುವವರೆಗೆ ಕೈ ತೆಗೆಯಲಿಲ್ಲ. ಮಾರನೇ ದಿನವೇ ಉಸ್ತಾದರನ್ನು ಕರೆಸಿ ಎರಡು ವೈರು ಅದಲು ಬದಲು ಮಾಡಿಸಿದೆವು, ಅದು ಬೇರೆ ಮಾತು.

ಹೊರಡುವ ಮುಂಚೆ ಸಾಹೇಬರು ಕರ್ನಲ್ ಅವರನ್ನು ಕರೆದು ನಮ್ಮ ಕಾರು ತೋರಿಸಿದರು. "ವೈರಿಂಗ್ ಅಂದ್ರೆ ಇದು. ಮೇಡಂ ಎಲ್ಲಿ ಮಾಡಿಸಿದ್ರು ಅಂತ ಕೇಳಿಕೊಂಡು ಮುಂದಿನ ಸಲ ಹೀಗೇ ಮಾಡಿಸಿಕೊಂಡು ಬನ್ನಿ."

ಕರ್ನಲ್ ಒಂದು ಪುಟ್ಟ ಡೈರಿ ಹಿಡಿದು ನನ್ನ ಹತ್ತಿರ ಬಂದರು. ಮೀಸೆ ಸ್ವಲ್ಪ ಇಳಿದಿತ್ತು. ಪಾಪ, ಅವರ ತಪ್ಪು ಏನೂ ಇರಲಿಲ್ಲ. ಉಸ್ತಾದರ ವಿಳಾಸ ಬರೆದುಕೊಟ್ಟೆ, ಅದರ ಕೆಳಗೆ ದೊಡ್ಡದಾಗಿ ಬ ಅಂತಲೂ ಬರೆದೆ. "ಕರ್ನಲ್ ಸಾಬ್, ಈ ಅಕ್ಷರ ಬರೆದ ಚೀಟಿಯನ್ನ ಮುಂದಿನ ಬಲಗಡೆ ವೈರಿಗೆ ಕಟ್ಟಿ. ಉಳಿದದ್ದನ್ನ ಉಸ್ತಾದರು ನೋಡ್ಕೋತಾರೆ."

ಅವರು ಡೈರಿಯನ್ನು ದೂರ ಹಿಡಿದು ಓದಿದರು. "ಬ ಅಂದರೆ ಬಾಯಾಂ. ಇದನ್ನ ಬಲಕ್ಕೆ ಯಾಕೆ ಕಟ್ಟಬೇಕು?"

"ಕನ್ನಡದಲ್ಲಿ ಹಾಗೇ."

ಕರ್ನಲ್ ಒಂದು ಕ್ಷಣ ತಮ್ಮ ಎಡಗೈ ನೋಡಿಕೊಂಡರು, ಆಮೇಲೆ ಬಲಗೈ ನೋಡಿಕೊಂಡರು, ಡೈರಿ ಮುಚ್ಚಿ ಜೇಬಿಗೆ ಹಾಕಿಕೊಂಡರು. "ಮೇಡಂ" ಅಂದರು, "ಪಾಸಾಗೋಕೆ ಕನ್ನಡ ಬೇಕು ಅಂತ ಫಾರಮ್ಮಿನಲ್ಲಿ ಮೊದಲೇ ಬರೆಯಬಾರದಿತ್ತಾ ಇವರು?"